ದೊಡ್ಡಪ್ಪನಿಗೆ ಸ್ವಲ್ಪ ಹುಷಾರಿಲ್ಲ

ಹೋದ ಬುಧವಾರ ಬೆಳಿಗ್ಗೆ ಎಂಟೂವರೆಗೆ ನಾನು ಒಬ್ಬ ಮನುಷ್ಯನನ್ನು ಸಾಯಿಸಿದೆ. ಬೇರೆ ಯಾರನ್ನೋ ಅಲ್ಲ, ಸ್ವಂತ ದೊಡ್ಡಪ್ಪನನ್ನು. ಆಗ ನನ್ನ ಒಂದು ಕೈಯಲ್ಲಿ ಕಾಫಿ ಲೋಟ ಇತ್ತು, ಇನ್ನೊಂದು ಕೈಯಲ್ಲಿ ಮೊಬೈಲು.

ಗಾಬರಿ ಬೇಡ. ದೊಡ್ಡಪ್ಪ ಕಲ್ಯಾಣದುರ್ಗದಲ್ಲಿ ಚೆನ್ನಾಗಿದ್ದಾರೆ. ನೀವು ಇದನ್ನು ಓದುವ ಹೊತ್ತಿಗೆ ಬಹುಶಃ ಎರಡನೇ ಮುದ್ದೆ ಮುರಿಯುತ್ತಿರುತ್ತಾರೆ. ಆದರೆ ಹೋದ ಬುಧವಾರ ಸುಮಾರು ಐದು ಗಂಟೆ ಕಾಲ, ಆಂಧ್ರ ಮತ್ತು ಕರ್ನಾಟಕ ಎರಡೂ ಕಡೆಯ ನಮ್ಮ ನೆಂಟರ ಮಟ್ಟಿಗೆ ಅವರು ತೀರಿಹೋಗಿದ್ದರು. ಅದಕ್ಕೆ ಕಾರಣ ನಾನು ತಿದ್ದಿಕೊಟ್ಟ ಒಂದೇ ಒಂದು ಇಂಗ್ಲಿಷ್ ಪದ.

ನಿಮಗೆ ಗೊತ್ತಿದೆಯಲ್ಲ, ಹಿಂದೂಪುರದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೆಡಿಕಲ್ ಶಾಪಿನ ಮಹಡಿಯಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. (ಗೊತ್ತಿಲ್ಲದವರಿಗೆ ಈಗ ಗೊತ್ತಾಯಿತು. ಜಾಹೀರಾತು ಅಂದುಕೊಂಡರೂ ನನಗೆ ಬೇಜಾರಿಲ್ಲ.) ಹದಿನೆಂಟು ವರ್ಷದಿಂದ ನಡೆಸುತ್ತಿದ್ದೇನೆ. ನನ್ನ ಹತ್ತಿರ ಕಲಿತವರು ಬ್ಯಾಂಕಿನಲ್ಲಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ, ಕೊಡಿಕೊಂಡ ಚೆಕ್‌ಪೋಸ್ಟಿನ ಆಚೆಯ ಫ್ಯಾಕ್ಟರಿಗಳಲ್ಲಿದ್ದಾರೆ. ನಾನು ಒಳ್ಳೆಯ ಟೀಚರ್. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಈ ಹದಿನೆಂಟು ವರ್ಷದಲ್ಲಿ ನಾನು ಅತಿ ಹೆಚ್ಚು ಜಗಳವಾಡಿರುವುದು ಒಂದೇ ಪದದ ಜೊತೆ. ವೆರಿ.

ನಮ್ಮ ಕಡೆಯವರ ಇಂಗ್ಲಿಷಿನಲ್ಲಿ ವೆರಿ ಒಂಟಿಯಾಗಿ ಬರುವುದೇ ಇಲ್ಲ, ಯಾವಾಗಲೂ ಜೋಡಿ. ವೆರಿ ವೆರಿ ನೈಸ್. ವೆರಿ ವೆರಿ ಥ್ಯಾಂಕ್ಸ್. ಇನ್ನೂ ಸ್ವಲ್ಪ ಧೈರ್ಯ ಬಂದವರು ಟೂ ಹಿಡಿಯುತ್ತಾರೆ. ಒಬ್ಬ ಹುಡುಗ ಕೆಲಸದ ಅರ್ಜಿಯಲ್ಲಿ ತನ್ನನ್ನು ತಾನೇ ‘ಟೂ ಹಾನೆಸ್ಟ್’ ಎಂದು ಬರೆದುಕೊಂಡಿದ್ದ. ಟೂ ಅಂದರೆ ಬೇಕಾದ್ದಕ್ಕಿಂತ ಜಾಸ್ತಿ ಎಂದರ್ಥ ಕಣಪ್ಪ, ಅಷ್ಟೊಂದು ಪ್ರಾಮಾಣಿಕ ಆದರೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಿದೆ. ಅವನು ಯೋಚನೆ ಮಾಡಿ, “ಹಂಗಾದ್ರೆ ವೆರಿ ವೆರಿ ಹಾಕ್ಲಾ ಮೇಡಂ?” ಅಂದ.

ಹೀಗಾಗಿ ನಾನು ಬೋರ್ಡಿನ ಮೇಲೆ ಒಂದು ಫ್ಯಾನ್ ರೆಗ್ಯುಲೇಟರ್ ಚಿತ್ರ ಬರೆಯುತ್ತೇನೆ. ಒಂದನೇ ನಂಬರಿಗೆ ಸ್ಲೈಟ್ಲಿ. ಎರಡಕ್ಕೆ ಫೇರ್ಲಿ. ಮೂರಕ್ಕೆ ರಿಯಲಿ, ನಾಲ್ಕಕ್ಕೆ ವೆರಿ, ಐದಕ್ಕೆ ಎಕ್ಸ್‌ಟ್ರೀಮ್ಲಿ. ಎಕ್ಸಲೆಂಟ್, ಪರ್ಫೆಕ್ಟ್ ಇಂಥ ಪದಗಳು ಆಗಲೇ ಐದರಲ್ಲಿ ತಿರುಗುತ್ತಿರುತ್ತವೆ, ಅವಕ್ಕೆ ವೆರಿ ಹಚ್ಚಬೇಡಿ, ಅಷ್ಟು ಆಸೆಯಿದ್ದರೆ ಆಬ್ಸಲ್ಯೂಟ್ಲಿ ಹಾಕಿ. ಚಳಿಗಾಲದಲ್ಲಿ ಫ್ಯಾನ್ ಐದಕ್ಕೆ ತಿರುಗಿಸುತ್ತೀರಾ? ಇಲ್ಲ ತಾನೇ? ಹಾಗಾದರೆ ತಲೆನೋವಿಗೆ ಎಕ್ಸ್‌ಟ್ರೀಮ್ಲಿ ಯಾಕೆ ಬೇಕು? ಎಷ್ಟಿದೆಯೋ ಅಷ್ಟೇ ಹೇಳಿ. ಇದು ನನ್ನ ಪಾಠ. ಇವತ್ತಿಗೂ ಇದೇ ನನ್ನ ಪಾಠ.

ಈಗ ಕಲ್ಯಾಣದುರ್ಗಕ್ಕೆ ಹೋಗೋಣ.

ಅಲ್ಲಿ ನನ್ನ ದೊಡ್ಡಪ್ಪ ನಂಜುಂಡಪ್ಪ ಇದ್ದಾರೆ. ಅಪ್ಪನ ಅಣ್ಣ. ನಲವತ್ತು ವರ್ಷದಿಂದ ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನಲ್ಲಿ ಬದುಕಿದವರಿಗೆ ಎರಡು ದಾರಿ: ಒಂದೋ ಕಿರುಚುವುದು ಕಲಿಯಬೇಕು, ಇಲ್ಲ ಮಾತು ಕಡಿಮೆ ಮಾಡಬೇಕು. ದೊಡ್ಡಪ್ಪ ಎರಡನೆಯದನ್ನು ಆರಿಸಿಕೊಂಡರು. ನನ್ನ ಅಪ್ಪ ಚಂದ್ರಪ್ಪ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, ಈಗ ನನ್ನ ಜೊತೆ ಹಿಂದೂಪುರದಲ್ಲಿದ್ದಾರೆ. ಅಪ್ಪನ ಮಾತು ಈಗಲೂ ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿಗೆ ಕೇಳಿಸುವಂತಿರುತ್ತದೆ.

ಈ ಅಣ್ಣ ತಮ್ಮ ಏಳು ವರ್ಷದಿಂದ ಮಾತು ಬಿಟ್ಟಿದ್ದರು.

ಆಸ್ತಿಯ ಜಗಳ ಅಂದುಕೊಂಡಿರಾ? ಆಸ್ತಿಯಾಗಿದ್ದರೆ ಎಂದೋ ಮುಗಿಯುತ್ತಿತ್ತು. ಜಗಳ ಊಟದ್ದು. ನನ್ನ ತಂಗಿಯ ಮದುವೆಯಲ್ಲಿ ಅಪ್ಪ ಮೈಮೇಲೆ ಬಂದವರ ಹಾಗೆ ಓಡಾಡಿ ಅಡುಗೆ ಮಾಡಿಸಿದ್ದರು. ಚಿಲಮತ್ತೂರಿನಿಂದ ಅಡುಗೆಯವರು. ಒಬ್ಬಟ್ಟಿಗೆ ಬೆಲ್ಲವನ್ನು ಹಿಂದೂಪುರದ ಮಾರ್ಕೆಟ್ಟಿನಲ್ಲಿ ತಾವೇ ನಾಲಿಗೆಗೆ ಇಟ್ಟುಕೊಂಡು ನೋಡಿ ತಂದಿದ್ದರು. ಆಮೇಲೆ ಕೈತೊಳೆಯುವ ಕಡೆ ನಿಂತುಕೊಂಡು ಬಂದವರನ್ನೆಲ್ಲ ಕೇಳಿದರು, “ಊಟ ಹೆಂಗಿತ್ತು?” ಎಲ್ಲರೂ ಸೂಪರ್ ಅಂದರು. ತುಂಬಾ ತುಂಬಾ ಚೆನ್ನಾಗಿತ್ತು ಅಂದರು. ತೆಲುಗಿನವರು ಅದ್ಭುತಂ ಅಂದರು. ಆಗ ದೊಡ್ಡಪ್ಪ ಬಂದರು. ಹೊಸ ಬೀಗರು ಪಕ್ಕದಲ್ಲೇ ನಿಂತಿದ್ದರು. ಅವರ ಎದುರಿಗೇ ಅಪ್ಪ, “ಅಣ್ಣ, ಊಟ ಹೆಂಗಿತ್ತು?” ಅಂದರು.

ದೊಡ್ಡಪ್ಪ ಟವೆಲ್‌ನಲ್ಲಿ ಬಾಯಿ ಒರೆಸಿಕೊಂಡು, “ಪರ್ವಾಗಿಲ್ಲ ಕಣ್ಲಾ” ಅಂದರು.

ಅಷ್ಟೇ. ಅವತ್ತಿನಿಂದ ಏಳು ವರ್ಷ.

ನಾನು ಎಷ್ಟೋ ಸಲ ಹೇಳಿ ನೋಡಿದ್ದೆ. “ಬೀಗ್ರ ಮುಂದೆ ನನ್ ಮರ್ವಾದೆ ತೆಗ್ದ ಕಣಮ್ಮ. ಒಂದ್ ತುಂಬಾ ಅಂದಿದ್ರೆ ಅವ್ನ ಗಂಟೇನ್ ಹೋಗ್ತಿತ್ತು?” ಅನ್ನುತ್ತಿದ್ದರು ಅಪ್ಪ. ಅಲ್ಲಿ ದೊಡ್ಡಪ್ಪನಿಗೆ ತಾನು ಮಾಡಿದ ತಪ್ಪೇನು ಎಂಬುದೇ ತಿಳಿಯಲಿಲ್ಲ. ಮೊದಲು ಅವರು ಕಾದರು. ಆಮೇಲೆ ಅವರಿಗೂ ಹಟ ಬಂತು. ಹಬ್ಬಗಳು ಬಂದವು, ಹೋದವು. ಎರಡೂ ಮನೆಯ ಮಕ್ಕಳಾದ ನಾವು ಮಾತ್ರ ಫೋನಿನಲ್ಲಿ ಮಾತಾಡಿಕೊಂಡು ಇದ್ದೆವು.

ದೊಡ್ಡಪ್ಪನ ಸೊಸೆ ಪಲ್ಲವಿ ಕಲ್ಯಾಣದುರ್ಗದ ಒಂದು ಪ್ರೈವೇಟ್ ಸ್ಕೂಲಿನಲ್ಲಿ ಟೀಚರ್. ನಾನು ಅವಳ ಗಂಡನಿಗೆ ಅಕ್ಕ ಆಗಬೇಕು, ಅದಕ್ಕೆ ಅವಳು ನನ್ನನ್ನು ‘ಅತ್ಗೆ’ ಅನ್ನುತ್ತಾಳೆ. ಇಂಗ್ಲಿಷ್ ಸುಧಾರಿಸಿಕೊಳ್ಳಬೇಕೆಂದು ಭಾನುವಾರಗಳಲ್ಲಿ ನನ್ನ ಹತ್ತಿರ ಫೋನಿನಲ್ಲೇ ಪಾಠ ಹೇಳಿಸಿಕೊಳ್ಳುತ್ತಾಳೆ. ಚುರುಕಿನ ಹುಡುಗಿ. ಅವಳಿಗೂ ಒಂದೇ ಕಾಯಿಲೆ, ವೆರಿ ವೆರಿ.

ಹೋದ ಸೋಮವಾರ ಗಿರಣಿಯಲ್ಲಿ ರಾಗಿ ಡಬ್ಬ ಎತ್ತುತ್ತಿದ್ದ ದೊಡ್ಡಪ್ಪನಿಗೆ ತಲೆ ಸುತ್ತಿತು, ಹಾಗೇ ಕೂತುಬಿಟ್ಟರು. ಡಾಕ್ಟರು ಬಿ.ಪಿ. ಕಡಿಮೆಯಾಗಿದೆ ಎಂದು ಒಂದು ಡ್ರಿಪ್ ಹಾಕಿ, ಮೂರು ದಿನ ರೆಸ್ಟ್ ಹೇಳಿ ಮನೆಗೆ ಕಳಿಸಿದರು. ಬುಧವಾರ ಬೆಳಿಗ್ಗೆ ಪಲ್ಲವಿ ನನಗೊಂದು ಮೆಸೇಜ್ ಕಳಿಸಿದಳು. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ತಪ್ಪಿದ್ದರೆ ತಿದ್ದಿ ಅತ್ಗೆ ಅಂತ.

(ಗ್ರೂಪಿನಲ್ಲಿ ಇಂಗ್ಲಿಷ್ ಯಾಕೆ ಅಂತೀರಾ? ನಮ್ಮ ಮನೆಗಳಲ್ಲಿ ಎಲ್ಲರೂ ಆಡುವುದು ಕನ್ನಡ. ಆದರೆ ಆಂಧ್ರದಲ್ಲಿ ಓದಿದವರಿಗೆ ತೆಲುಗು ಅಕ್ಷರ ಮಾತ್ರ ಬರುತ್ತದೆ, ಪಾವಗಡ, ಗೌರಿಬಿದನೂರಿನ ಕಡೆ ಓದಿದವರಿಗೆ ಕನ್ನಡ ಅಕ್ಷರ. ಬಾಯಿ ಒಂದೇ, ಅಕ್ಷರ ಬೇರೆ. ಇಬ್ಬರೂ ಓದಬೇಕಾದರೆ ಇಂಗ್ಲಿಷೇ ಗತಿ.)

ಪಲ್ಲವಿ ಬರೆದದ್ದು ಹೀಗಿತ್ತು: ‘ಮಾವ ಈಸ್ ವೆರಿ ವೆರಿ ಸೀರಿಯಸ್. ಸೋ ಮಚ್ ವೀಕ್. ಪ್ಲೀಸ್ ಕಮ್ ಟೂ ಅರ್ಜೆಂಟ್ಲಿ.’

ನನಗೆ ಮೈ ಉರಿಯಿತು. ಫೋನ್ ಮಾಡಿದೆ.

“ಏನೇ ಇದು? ದೊಡ್ಡಪ್ಪ ಐ.ಸಿ.ಯು.ನಲ್ಲಿ ಇದ್ದಾರಾ?”

“ಇಲ್ಲ ಅತ್ಗೆ. ಹೊರ್ಗೆ ಕುರ್ಚಿ ಹಾಕ್ಕೊಂಡ್ ಕುಂತವ್ರೆ.”

“ಹಾಗಾದರೆ ವೆರಿ ವೆರಿ ಯಾಕೆ? ರೆಗ್ಯುಲೇಟರ್ ಎಷ್ಟರಲ್ಲಿದೆ, ಹೇಳು.”

“ಒಂದ್ರಲ್ಲಿ ಅತ್ಗೆ. ಆದ್ರೆ...”

“ಆದರೆ ಇಲ್ಲ, ಗೀದರೆ ಇಲ್ಲ. ಬರಕೋ. ಮಾವ ಈಸ್ ಸ್ಲೈಟ್ಲಿ ಅನ್‌ವೆಲ್. ಪ್ಲೀಸ್ ಕಮ್ ಅಂಡ್ ಸೀ ಹಿಮ್.”

ಅವಳು ಬರೆದುಕೊಂಡಳು. “ಇದು ಒಂಥರಾ ಕಾಣ್ತದೆ ಅತ್ಗೆ” ಅಂದಳು. ಕರೆಕ್ಟ್ ಇಂಗ್ಲಿಷ್ ಮೊದಮೊದಲು ಒಂಥರಾನೇ ಕಾಣುತ್ತೆ ಎಂದು ಹೇಳಿ, ಕಾಫಿ ಮುಗಿಸಿ, ನಾನು ಕ್ಲಾಸಿಗೆ ಹೊರಟೆ. ಅವಳು ಮೆಸೇಜನ್ನು ಹಾಕಿ, ಸ್ಕೂಲಿನ ರೂಲ್ಸಿನ ಪ್ರಕಾರ ಮೊಬೈಲನ್ನು ಆಫೀಸಿನಲ್ಲಿಟ್ಟು ಪಾಠಕ್ಕೆ ಹೋದಳು.

ನಮ್ಮ ಕಡೆಯವರಾದ ಓದುಗರಿಗೆ ಆಗಲೇ ಎದೆ ಧಸಕ್ ಅಂದಿರುತ್ತದೆ. ಬೇರೆ ಕಡೆಯವರಿಗೆ ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಯಾರೂ ಹೇಳುವುದಿಲ್ಲ. ದೂರದಿಂದ ಬರುವವರು ದಾರಿಯಲ್ಲಿ ಏನಾದರೂ ಮಾಡಿಕೊಂಡರೆ? ಎದೆ ಒಡೆದುಕೊಂಡರೆ? ಅದಕ್ಕೇ ‘ಸ್ವಲ್ಪ ಹುಷಾರಿಲ್ಲ, ಬಂದು ನೋಡ್ಕಂಡ್ ಹೋಗಿ’ ಎಂದು ಹೇಳುತ್ತಾರೆ. ಊರಿನಲ್ಲಿ ಒಂದೇ ಒಂದು ಎಸ್‌.ಟಿ.ಡಿ. ಬೂತ್ ಇದ್ದ ಕಾಲದಿಂದಲೂ ಇದು ನಡೆದುಬಂದಿದೆ. ನಿಜವಾಗಿ ಕಾಯಿಲೆಯಾಗಿದ್ದರೆ ಜನ ಕೂಗಾಡುತ್ತಾರೆ. ತುಂಬಾ ಸೀರಿಯಸ್ಸು, ಡಾಕ್ಟ್ರು ಕೈಚೆಲ್ಲಿದ್ರು, ಬೇಗ ಬನ್ನಿ ಅನ್ನುತ್ತಾರೆ. ಅಷ್ಟು ಗಲಾಟೆ ಇದ್ದರೆ ಮನುಷ್ಯ ಉಳಿದುಕೊಂಡಿದ್ದಾನೆ, ಇನ್ನೂ ಹೋರಾಟ ನಡೆಯುತ್ತಿದೆ ಎಂದರ್ಥ. ಗಲಾಟೆಯಿಲ್ಲದೆ, ಮೆತ್ತಗೆ, ‘ಸ್ವಲ್ಪ’ ಅಂದರೆ ಎಲ್ಲ ಮುಗಿದಿದೆ.

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನನ್ನ ಅಜ್ಜಿ ಹೋದದ್ದು ಕೂಡ ಒಂದು ‘ಸ್ವಲ್ಪ’ದಲ್ಲೇ. ಆದರೆ ತಿದ್ದುವ ಉಮೇದು ಬಂದಾಗ ನನಗೆ ನಮ್ಮ ಮನೆಯೇ ಮರೆತುಹೋಗುತ್ತದೆ. ಇದೂ ಒಂದು ಕಾಯಿಲೆಯೇ, ಟೀಚರುಗಳಿಗೆ ಬರುವಂಥದ್ದು.

ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಗ್ರೂಪಿನಲ್ಲಿ ಕಲ್ಯಾಣದುರ್ಗದ ಸೊಸೆಯ ಫೋಟೋ ಕಂಡ ಕೂಡಲೇ ಮೊಬೈಲ್ ಹಿಡಿದು ನಮ್ಮ ಕ್ಲಾಸಿನ ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿದ್ದಾರೆ. ಅಲ್ಲಿ ಬಾಷಾ ಇರುತ್ತಾನೆ, ಅಪ್ಪನಿಗೆ ಮಾತ್ರೆಯ ಚೀಟಿ, ಕರೆಂಟ್ ಬಿಲ್ಲು ಎಲ್ಲ ಓದಿ ಹೇಳುವವನು. ಅವನು ಮೆಸೇಜ್ ಓದಿ ಮೆತ್ತಗೆ ತೆಲುಗಿನಲ್ಲಿ, “ಅನ್ನಕಿ ಕೊಂಚೆಂ ಒಂಟ್ಲೋ ಬಾಗಲೇದಂಟ ಮಾಮಾ. ರಮ್ಮಂಟುನ್ನಾರು” ಅಂದನಂತೆ. ಅಣ್ಣನಿಗೆ ಸ್ವಲ್ಪ ಹುಷಾರಿಲ್ಲವಂತೆ, ಬರಬೇಕಂತೆ. ಹೇಳಿದವನೇ ಕೌಂಟರ್ ದಾಟಿ ಬಂದು ಅಪ್ಪನ ಭುಜ ಹಿಡಿದುಕೊಂಡ. ಬಾಷಾನಿಗೂ ನಮ್ಮ ಪದ್ಧತಿ ಗೊತ್ತು.

ನನ್ನನ್ನು ಕ್ಲಾಸಿನಿಂದ ಕರೆದರು. ಇಳಿದು ಬಂದರೆ ಅಪ್ಪ ಶಾಪಿನ ಮೆಟ್ಟಿಲ ಮೇಲೆ ಕೂತಿದ್ದರು.

“ಹೋಗ್ಬುಟ್ಟ ಕಣಮ್ಮ ಅಣ್ಣ” ಅಂದರು.

“ಅಯ್ಯೋ ಅಪ್ಪ, ಇಲ್ಲಪ್ಪ! ಬಿ.ಪಿ. ಸ್ವಲ್ಪ ಕಡಿಮೆಯಾಗಿದೆ, ಅಷ್ಟೇ. ಆ ಮೆಸೇಜ್ ಬರೆಸಿದ್ದೇ ನಾನು.”

“ನಂಗೂ ಮುಚ್ಚಿಡ್ತೀಯಾ?”

“ನಿಜವಾಗ್ಲೂ ಏನೂ ಆಗಿಲ್ಲ.”

“ಮೂವತ್ತು ವರ್ಸ ಬಸ್ಸಲ್ಲಿ ಇದೇ ನೋಡಿದ್ದೀನಿ ಕಣಮ್ಮ. ನಂಗೆ ಹೇಳ್ತೀಯಾ ಏನೂ ಆಗಿಲ್ಲ ಅಂತ?”

ಈ ಪದ್ಧತಿಯಲ್ಲಿ ಒಂದು ತಮಾಷೆಯಿದೆ ನೋಡಿ. ಏನೂ ಆಗಿಲ್ಲ ಎಂದು ನೀವು ಎಷ್ಟು ಒತ್ತಿ ಹೇಳುತ್ತೀರೋ, ಎದುರಿನವರಿಗೆ ಅಷ್ಟು ಖಾತ್ರಿಯಾಗುತ್ತದೆ. ನಾನು ಖಂಡಿತ ಅಂದೆ, ದೇವರಾಣೆ ಅಂದೆ. ಅಪ್ಪ ಪ್ರತಿ ಸಲವೂ ತಲೆಯಾಡಿಸಿ ಇನ್ನೂ ಜೋರಾಗಿ ಅತ್ತರು. ಪಲ್ಲವಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವಳ ಗಂಡನಿಗೆ ಮಾಡಿದೆ, ಗಿರಣಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ದೊಡ್ಡಪ್ಪ ರೆಸ್ಟ್ ಮಾಡಲಿ ಎಂದು ಅವರ ಫೋನನ್ನು ಯಾರೋ ಸ್ವಿಚ್ ಆಫ್ ಮಾಡಿದ್ದರು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಮೂರೂ ಫೋನಿಗೆ ಉತ್ತರವಿಲ್ಲ. ಇನ್ನೇನು ಸಾಕ್ಷಿ ಬೇಕು?

ಅಷ್ಟರಲ್ಲಿ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ಪಾವಗಡದ ನೆಂಟರೊಬ್ಬರು ‘ಓಂ ಶಾಂತಿ’ ಹಾಕಿದ್ದರು. ನಾನು ಗಡಿಬಿಡಿಯಲ್ಲಿ ‘ಹೀ ಈಸ್ ಆಬ್ಸಲ್ಯೂಟ್ಲಿ ಫೈನ್’ ಎಂದು ಟೈಪ್ ಮಾಡಿದೆ. (ವ್ಯಾಕರಣ ಸರಿಯಾಗಿತ್ತು, ಗಮನಿಸಿ.) ಅದರ ಕೆಳಗೆ ತಕ್ಷಣ ಪಾವಗಡದಿಂದ ಕನ್ನಡದಲ್ಲೇ ಉತ್ತರ ಬಂತು: ‘ಧೈರ್ಯ ತಂದ್ಕೊಳ್ಳಮ್ಮ. ನೀನೇ ಹಿಂಗಾದ್ರೆ ಅಪ್ಪನ್ನ ಯಾರು ನೋಡ್ಕೋತಾರೆ?’

ಹದಿನೆಂಟು ವರ್ಷ ಕಲಿಸಿದ ಒಂದೊಂದು ಅಡ್ವರ್ಬನ್ನೂ ಅವತ್ತು ಪ್ರಯೋಗ ಮಾಡಿದೆ. ಒಂದೂ ಕೆಲಸಕ್ಕೆ ಬರಲಿಲ್ಲ.

ಕೊನೆಗೆ ಬಸ್ ಹತ್ತಿದೆವು. ಕಾರು ಮಾಡೋಣ ಅಂದರೆ ಅಪ್ಪ ಒಪ್ಪಲಿಲ್ಲ, ಜೀವನಪೂರ್ತಿ ಬಸ್ಸಿನಲ್ಲಿ ತಿರುಗಿದವರು. ಕಂಡಕ್ಟರ್ ಬಂದಾಗ ಅಪ್ಪ, “ಪೆನುಕೊಂಡ ಎರ್ಡು ಕೊಡಪ್ಪ. ಅಲ್ಲಿಂದ ಕಲ್ಯಾಣದುರ್ಗಕ್ಕೆ ಹೋಗ್ಬೇಕು. ಅಣ್ಣಂಗೆ ಸ್ವಲ್ಪ ಹುಷಾರಿಲ್ಲ” ಅಂದರು. ಆ ಹುಡುಗ ಒಂದು ಮಾತು ಕೇಳಲಿಲ್ಲ. ಮುಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿ, “ಕೂರ್ಚೋ ಪೆದ್ದಾಯನಾ” ಎಂದು ಅಪ್ಪನನ್ನು ಕೈಹಿಡಿದು ಕೂರಿಸಿದ. ಎದ್ದವರೂ ಗೊಣಗಲಿಲ್ಲ. ಅಪ್ಪ ತಮ್ಮ ಸರ್ವೀಸಿನಲ್ಲಿ ಎಷ್ಟು ಜನರನ್ನು ಹೀಗೆ ಕೂರಿಸಿದ್ದರೋ.

ಸೋಮಂದೇಪಲ್ಲಿ ದಾಟುವವರೆಗೂ ನಾನು ಹೇಳುತ್ತಲೇ ಇದ್ದೆ. ಅಪ್ಪ, ಚೆನ್ನಾಗಿದ್ದಾರಪ್ಪ, ನಂಬು. ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡು ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದರು. ನನಗೆ ಸೈಕಲ್ ಕಲಿಸಿದವನು ಅವನು. ಕಂಡಕ್ಟರ್ ಕೆಲಸ ಸಿಕ್ಕಿದ ದಿನ ತನ್ನ ಕೈಗಡಿಯಾರ ಬಿಚ್ಚಿ ನನಗೆ ಕಟ್ಟಿದವನು, ಕಂಡಕ್ಟರಿಗೆ ಟೈಮ್ ಮುಖ್ಯ ಎಂದು. “ಒಂದ್ ಊಟದ್ ಮಾತಿಗೆ ಏಳ್ ವರ್ಸ. ಎಂಥ ನನ್ಮಗ ನಾನು” ಅಂದರು.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಪೆನುಕೊಂಡದಲ್ಲಿ ಬಸ್ ಬದಲಾಯಿಸುವಾಗ ಪಲ್ಲವಿಯ ಫೋನ್ ಬಂತು. ಬ್ರೇಕಿನಲ್ಲಿ ಮೊಬೈಲ್ ನೋಡಿ ಅವಳು ಕಂಗಾಲಾಗಿದ್ದಳು. ಆ ಫೋನನ್ನು ಅಪ್ಪನ ಕಿವಿಗೆ ಹಿಡಿದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಮನೆಗೆ ಹೇಳಿ ದೊಡ್ಡಪ್ಪನ ಕೈಲೇ ಫೋನ್ ಮಾಡಿಸು ಎಂದರೆ ಆಗುತ್ತಿತ್ತು. ಅಪ್ಪ ಕಣ್ಣೊರೆಸಿಕೊಂಡು ಹಿಂದೂಪುರದ ಬಸ್ ಹತ್ತುತ್ತಿದ್ದರು. ನನಗದು ಖಂಡಿತ ಗೊತ್ತಿತ್ತು. ಏಳು ವರ್ಷ ಅದನ್ನೇ ನೋಡಿದ್ದೆನಲ್ಲ.

ನಾನು ಕೊಡಲಿಲ್ಲ. ಸ್ವಲ್ಪ ದೂರ ಹೋಗಿ, “ಬರ್ತಾ ಇದ್ದೀವಿ, ಯಾರಿಗೂ ಏನೂ ಹೇಳಬೇಡ” ಎಂದು ಕಟ್ ಮಾಡಿದೆ. ವಾಪಸ್ ಬಂದರೆ ಅಪ್ಪ ಬಸ್‌ಸ್ಟ್ಯಾಂಡಿನ ಹೂವಿನಂಗಡಿಯಲ್ಲಿ ಹಾರ ಕಟ್ಟಿಸುತ್ತಿದ್ದರು. ದೊಡ್ಡದು ಕಟ್ಟಿಸಿದರು, ಸೇವಂತಿಗೆ ಮತ್ತು ಗುಲಾಬಿಯದು. ಪಕ್ಕದ ಬಟ್ಟೆಯಂಗಡಿಯಲ್ಲಿ ಒಂದು ಹೊಸ ಪಂಚೆಯನ್ನೂ ತಂದರು. ಬಾಯಿ ಬಿಡಬೇಕು ಅನ್ನಿಸಿತು. ಆದರೂ ಬಿಡಲಿಲ್ಲ. ಅಳುವ ಅಪ್ಪನನ್ನು ಎರಡು ಗಂಟೆ ಅಳಲು ಬಿಟ್ಟ ಮಗಳು ನಾನು. ಬೇಕಾದರೆ ಬೈಯಿರಿ.

ಕಲ್ಯಾಣದುರ್ಗದಲ್ಲಿ ಇಳಿದು ದೊಡ್ಡಪ್ಪನ ಬೀದಿಗೆ ತಿರುಗಿದಾಗ ಅಪ್ಪ ಥಟ್ಟನೆ ನಿಂತರು.

“ಮಿಷನ್ ಓಡ್ತಾ ಐತೆ” ಅಂದರು.

ಗಿರಣಿಯ ಸದ್ದು ಬೀದಿಯ ತುದಿಗೇ ಕೇಳಿಸುತ್ತಿತ್ತು. ಬೆಲ್ಟಿನ ಟಪಟಪ, ರಾಗಿ ಹಿಟ್ಟಿನ ವಾಸನೆ.

“ಸತ್ತ ಮನೇಲಿ ಮಿಷನ್ ಓಡಿಸ್ತಾರಾ? ಏನ್ ಮಕ್ಕಳಮ್ಮ ಇವ್ರು!” ಎಂದು ಸಿಟ್ಟಿನಿಂದ ದಾಪುಗಾಲು ಹಾಕಿಕೊಂಡು ನಡೆದರು. ನಾನು ಹಿಂದೆ ಓಡಿದೆ. ಗಿರಣಿಯ ಮುಂದೆ, ಬೇವಿನ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ದೊಡ್ಡಪ್ಪ ಕೂತಿದ್ದರು. ಮೊಣಕಾಲಿನ ಮೇಲೆ ತಟ್ಟೆ. ಮುದ್ದೆ, ಸೊಪ್ಪಿನ ಸಾರು. ಬಾಯಿಗೆ ತುತ್ತು ಇಡುವುದರಲ್ಲಿದ್ದರು.

ಅಪ್ಪ ಹತ್ತು ಹೆಜ್ಜೆ ದೂರದಲ್ಲಿ ನಿಂತರು. ಒಂದು ಕೈಯಲ್ಲಿ ಹಾರ. ಕಂಕುಳಲ್ಲಿ ಪಂಚೆ.

ಯಾರೋ ಒಳಗೆ ಹೋಗಿ ಮಿಷನ್ ಆಫ್ ಮಾಡಿದರು. ಬೀದಿಯೆಲ್ಲ ಸ್ತಬ್ಧವಾಯಿತು.

ದೊಡ್ಡಪ್ಪ ತಮ್ಮನ ಮುಖ ನೋಡಿದರು. ಹಾರ ನೋಡಿದರು. ತುತ್ತನ್ನು ತಟ್ಟೆಗೆ ವಾಪಸ್ ಇಟ್ಟರು.

“ಯಾರ್ಗ್ಲಾ ಹಾರ?”

ಅಪ್ಪನ ಬಾಯಲ್ಲಿ ಸುಳ್ಳು ಬರುವುದಿಲ್ಲ. “ನಿಂಗೇ ಕಣಣ್ಣ” ಅಂದರು.

ದೊಡ್ಡಪ್ಪನ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಕೆಮ್ಮು ಬರುವಷ್ಟು ನಕ್ಕರು. ದೊಡ್ಡಮ್ಮ ನೀರು ತಂದರು. ಅಪ್ಪ ನಿಂತಲ್ಲೇ ಹಾರ ಹಿಡಿದುಕೊಂಡು, ಬಿಸಿಲಿನಲ್ಲಿ, ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡುತ್ತಿದ್ದರು. ಆಮೇಲೆ ಹೋಗಿ ಅಣ್ಣನ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟರು. ಅರವತ್ತೆಂಟು ವರ್ಷದ ಮನುಷ್ಯ.

“ತಲೆ ಸುತ್ತಿ ಬಿದ್ಯಂತೆ?”

“ಬೀಳ್ಲಿಲ್ಲ. ಕುಂತ್ಕಂಡೆ.”

“ಈವಾಗ?”

“ಚೆನ್ನಾಗಿವ್ನಿ.”

ಸ್ವಲ್ಪ ಹೊತ್ತಾದ ಮೇಲೆ ಅಪ್ಪ, ಏಳು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟರು. “ಅಣ್ಣ, ಈವಾಗಾದ್ರೂ ಹೇಳು. ನನ್ ಮಗ್ಳ ಮದ್ವೆ ಊಟ ಹೆಂಗಿತ್ತು?”

ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ದೊಡ್ಡಪ್ಪ, ಒಂದೇ ಒಂದು ವೆರಿ. ನನ್ನ ಪಾಠವೆಲ್ಲ ಮರೆತುಬಿಡು, ಬೇಕಾದರೆ ಎರಡು ವೆರಿ ಹಾಕು.

“ಹೇಳಿದ್ನಲ್ಲಾ, ಪರ್ವಾಗಿಲ್ಲ ಅಂತ” ಅಂದರು ದೊಡ್ಡಪ್ಪ.

ಅಪ್ಪನ ಮುಖ ಮತ್ತೆ ಬಿಗಿಯಿತು. ಅಷ್ಟರಲ್ಲಿ ದೊಡ್ಡಮ್ಮ ಸಾರಿನ ಪಾತ್ರೆಯನ್ನು ಟಪ್ ಎಂದು ಕೆಳಗಿಟ್ಟರು. “ಲೋ ಚಂದ್ರ, ನಲ್ವತ್ತೈದು ವರ್ಸ ಆಯ್ತು ನಾನು ಈ ಮನ್ಸಂಗೆ ಬೇಯ್ಸಿ ಹಾಕ್ತಾ. ಒಂದಿನ ಪರ್ವಾಗಿಲ್ಲ ಅಂದಿಲ್ಲ ಕಣೋ ನಂಗೆ! ತಿಂತಾನೆ, ಏಳ್ತಾನೆ, ಹೋಯ್ತಾನೆ. ನಿನ್ ಮಗ್ಳ ಮದ್ವೆ ಊಟಕ್ಕೆ ಪರ್ವಾಗಿಲ್ಲ ಅಂದ್ನಲ್ಲ, ಅವತ್ತು ರಾತ್ರಿ ನಾನು ಹೊಟ್ಟೆ ಉರ್ಕೊಂಡೆ.”

ಅಪ್ಪ ಅಣ್ಣನನ್ನು ನೋಡಿದರು. ದೊಡ್ಡಪ್ಪ ತಲೆ ತಗ್ಗಿಸಿ, “ಒಬ್ಬಟ್ಟು ಮೂರು ತಿಂದಿದ್ದೆ” ಅಂದರು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ.

ನೋಡಿ, ಎಲ್ಲರ ಫ್ಯಾನಿಗೂ ಒಂದೇ ರೆಗ್ಯುಲೇಟರ್ ಇರುವುದಿಲ್ಲ. ಕೆಲವರದು ಐದರಿಂದಲೇ ಶುರುವಾಗುತ್ತದೆ. ಇನ್ನು ಕೆಲವರದು ಒಂದರಲ್ಲೇ ಮುಗಿಯುತ್ತದೆ, ಆ ಒಂದೇ ಅವರ ಪೂರ್ತಿ ಗಾಳಿ. ಯಾರ ಬಾಯಿಂದ ಬಂತು ಎಂದು ನೋಡದೆ ಮಾತನ್ನು ಅಳೆಯಲಾಗುವುದಿಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಬರೆದಿರಲಿಲ್ಲ. ಈ ವಾರ ಬರೆದಿದ್ದೇನೆ. (ಹಾಗಂತ ಟೂ ಹಾನೆಸ್ಟ್ ಬರೆದರೆ ಬಿಡುತ್ತೇನೆ ಅಂದುಕೊಳ್ಳಬೇಡಿ. ಕೆಂಪು ಪೆನ್ನು ಇನ್ನೂ ನನ್ನ ಹತ್ತಿರವೇ ಇದೆ.)

ಪಲ್ಲವಿ ಸ್ಕೂಲಿನಿಂದ ಬಂದವಳು ನೇರವಾಗಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ಅತ್ಗೆ, ನಾನು ವೆರಿ ವೆರಿ ಅಂತ ಬರ್ದಿದ್ದು ಗೊತ್ತಿಲ್ದೆ ಅಲ್ಲ” ಅಂದಳು. ಸೋಮವಾರ ಡ್ರಿಪ್ ಹಾಕುವಾಗ ಮಾವ ಎರಡು ಸಲ, “ಚಂದ್ರ ಬಂದ್ನಾ?” ಎಂದು ಕೇಳಿದರಂತೆ. ಯಾರೂ ಹೇಳಿರಲಿಲ್ಲ, ಬರುವುದಾದರೂ ಹೇಗೆ? “ಚಿಕ್ಕಮಾವ ಹೆಂಗಾದ್ರೂ ಮಾಡಿ ಬರ್ಬೇಕಿತ್ತು. ಅದ್ಕೇ ಜೋರಾಗಿ ಬರ್ದೆ. ಬಿ.ಪಿ. ಒಂದ್ರಲ್ಲೇ ಇತ್ತು ಅತ್ಗೆ. ಇನ್ನೊಂದು ಇತ್ತಲ್ಲ, ಅದು ಐದ್ರಲ್ಲಿತ್ತು.”

ಆ ಹುಡುಗಿ ಬರೆದ ‘ಟೂ ಅರ್ಜೆಂಟ್ಲಿ’ಗೆ ನಾನು ಪೂರ್ತಿ ಮಾರ್ಕ್ಸ್ ಕೊಡಬೇಕಾಗಿತ್ತು. ಕೆನ್ನೆ ಸವರಿ ಕಳಿಸಿದೆ.

ಹೊರಗೆ ಪಾವಗಡದ ನೆಂಟರು ಇನ್ನೊಂದು ಹಾರ ತೆಗೆದುಕೊಂಡು ಆಟೋದಿಂದ ಇಳಿಯುತ್ತಿದ್ದರು. ದೊಡ್ಡಪ್ಪ ಅವರಿಗೆ ಕುರ್ಚಿ ಹಾಕಿಸಿ, ಮುದ್ದೆಗೆ ಎಸರು ಇಡಲು ಹೇಳಿದರು. ಅಪ್ಪ ತಂದ ಪಂಚೆಯನ್ನು ಆಗಲೇ ಉಟ್ಟುಕೊಂಡಿದ್ದರು. ಹಾರವನ್ನು ಗಿರಣಿಯ ಮಿಷನ್ನಿಗೆ ಹಾಕಿಸಿದರು.

ಹೊರಡುವಾಗ ದೊಡ್ಡಪ್ಪ ಬೀದಿಯ ತಿರುವಿನ ತನಕ ನಡೆದು ಬಂದರು. ಬೇಡ ಅಂದರೂ ಕೇಳಲಿಲ್ಲ. ಅಲ್ಲಿ ನಿಂತುಕೊಂಡು, 
“ಸತ್ತೋದೆ ಅಂತ ಇಷ್ಟು ದೂರ ಬಂದ್ಬುಟ್ಟೆ. ಬದ್ಕಿದ್ದಾಗ ದಾರಿ ಗೊತ್ತಿರ್ಲಿಲ್ವೇನ್ಲಾ?” ಅಂದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

ಅಪ್ಪ, “ಮುಂದಿನ್ ತಿಂಗ್ಳು ಬತ್ತೀನಣ್ಣ” ಅಂದರು. ಅಣ್ಣನ ಮುಖ ನೋಡಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಎಲ್ಲ ಹೇಳಿಬಿಟ್ಟೆ. ಮೆಸೇಜ್ ತಿದ್ದಿದ್ದು, ಪೆನುಕೊಂಡದಲ್ಲಿ ಫೋನ್ ಬಂದದ್ದು, ನಾನು ಸುಮ್ಮನಿದ್ದದ್ದು. ಅಪ್ಪ ಬೈಯಲಿಲ್ಲ. ಬೈದಿದ್ದರೆ ನನಗೇ ಹಗುರವಾಗುತ್ತಿತ್ತು. ಆಮೇಲೆ ನಾನು ಕೇಳಿದೆ, “ಅಪ್ಪ, ನಿಜ ಹೇಳು. ಪಲ್ಲವಿ ಮೊದಲು ಬರೆದ ಹಾಗೇ, ತುಂಬಾ ತುಂಬಾ ಸೀರಿಯಸ್ ಅಂತಾನೇ ಮೆಸೇಜ್ ಬಂದಿದ್ದರೆ ಇವತ್ತು ಹೊರಡ್ತಿದ್ದೆಯಾ?”

ಅಪ್ಪ ಟಿಕೆಟನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

“ಇಲ್ಲ ಕಣಮ್ಮ” ಅಂದರು. “ನಿನ್ ಕೈಲಿ ಫೋನ್ ಮಾಡಿಸ್ತಿದ್ದೆ. ಹೆಂಗವ್ನೆ ಕೇಳು ಅಂತಿದ್ದೆ.”

ಈಗ ಗ್ರಾಮರ್ ಬದಿಗಿಟ್ಟು ನಿಮ್ಮನ್ನು ಕೇಳುತ್ತೇನೆ: ಮಾತು ಬಿಟ್ಟ ಮನುಷ್ಯರೊಬ್ಬರು ನಿಮಗೂ ಇದ್ದಾರಲ್ಲ, ನೀವು ಬಸ್ ಹತ್ತಬೇಕಾದರೆ ಅವರಿಗೆ ಎಷ್ಟು ಹುಷಾರಿಲ್ಲದಿರಬೇಕು?